ಸೀಟಿಗಾಗಿ ಆರು ಕಿಲೋಮೀಟರ್ ಹಿಂದಕ್ಕೆ

ಕಳೆದ ಆಷಾಢದ ಎರಡನೆಯ ಗುರುವಾರ ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಕಲ್ಯಾಣದಲ್ಲಿ ಲೋಕಲ್ ರೈಲುಗಳು ನಿಂತವು. ಹಳಿಗಳ ನಿಗಾ ನೋಡುವ ನೌಕರರು ಕೆಲಸ ಬಿಟ್ಟು ಹಳಿಯ ಪಕ್ಕ ಕುಳಿತರು. ಗಾಡಿ ನಡೆಸುವ ಮೋಟರ್‌ಮನ್‌ಗಳು ಅವರಿಗೆ ಬೆಂಬಲವಾಗಿ ಕ್ಯಾಬಿನ್ನಿನಿಂದ ಇಳಿದರು. ಬೇಡಿಕೆ ಒಂದೇ ಆಗಿತ್ತು: ರಾತ್ರಿ ಹಳಿ ತಪಾಸಣೆಗೆ ಒಬ್ಬನ ಬದಲು ಇಬ್ಬರನ್ನು ಕಳುಹಿಸಬೇಕು. ಆ ಹೊತ್ತಿಗೆ ನಾನು ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಒಂದು ರೈಲಿನೊಳಗೆ, ಸೀಟಿನ ಮೇಲೆ, ಕುಳಿತಿದ್ದೆ. ನನ್ನ ಜೊತೆ ಶಾಂತಮ್ಮ ಮತ್ತು ಅವರ ಮಗಳು ರೇಣುಕಾ ಇದ್ದರು. ಆ ಹುಡುಗಿ ಮಧ್ಯಾಹ್ನ ಒಂದು ಗಂಟೆಯೊಳಗೆ ಖಾರಘರದ ಒಂದು ಕಾಲೇಜಿಗೆ ಮೂಲ ದಾಖಲೆಗಳೊಂದಿಗೆ ಹಾಜರಾಗಬೇಕಿತ್ತು. ತಪ್ಪಿದರೆ ಡಿಪ್ಲೊಮಾಕ್ಕೆ ಸಿಕ್ಕಿದ್ದ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತಿತ್ತು.

ನಾವು ಮೂವರೂ ಹೊರಟದ್ದು ಡೊಂಬಿವಲಿಯಿಂದ. ಅಲ್ಲಿಂದ ಖಾರಘರಕ್ಕೆ ಹೋಗುವವರು ಮುಂಬೈ ಕಡೆಯ ರೈಲು ಹಿಡಿದು ಠಾಣೆಯಲ್ಲಿ ಇಳಿದು, ಪನವೇಲ್ ಕಡೆಯ ರೈಲಿಗೆ ಬದಲಾಯಿಸುತ್ತಾರೆ. ಕಲ್ಯಾಣ ಇರುವುದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಆರು ಕಿಲೋಮೀಟರ್ ಹಿಂದೆ. ಊರಿನಲ್ಲಿ ಕುಳಿತು ಇದನ್ನು ಓದುವವರಿಗೆ ನಾವು ಅಲ್ಲಿ ಏಕಿದ್ದೆವು ಎಂಬುದನ್ನು ವಿವರಿಸಬೇಕು.

ಬೆಳಗಿನ ಹೊತ್ತು ಡೊಂಬಿವಲಿಗೆ ಬರುವ ಪ್ರತಿ ರೈಲೂ ಬಾಗಿಲವರೆಗೆ ತುಂಬಿರುತ್ತದೆ. ಹತ್ತಿದವರು ಠಾಣೆಯ ತನಕ ಒಂದು ಕಾಲಿನ ಮೇಲೆ ನಿಂತಿರಬೇಕಾಗುತ್ತದೆ. ಹಾಗಾಗಿ ಇಲ್ಲಿನ ಎಷ್ಟೋ ಮಂದಿ ಮೊದಲು ಖಾಲಿ ಬರುವ ರೈಲಿನಲ್ಲಿ ಹಿಂದಕ್ಕೆ ಕಲ್ಯಾಣಕ್ಕೆ ಹೋಗುತ್ತಾರೆ; ಅಲ್ಲಿಂದ ಹೊರಡುವ ರೈಲಿನಲ್ಲಿ ಸೀಟು ಹಿಡಿದು, ತಮ್ಮದೇ ಊರನ್ನು ಕಿಟಕಿಯಿಂದ ನೋಡುತ್ತಾ ದಾಟುತ್ತಾರೆ. ಖರ್ಚಾಗುವುದು ಐದು ರೂಪಾಯಿಯ ಟಿಕೆಟ್ಟು, ಇಪ್ಪತ್ತು ನಿಮಿಷ. ನಾನು ಹದಿನಾಲ್ಕು ವರ್ಷಗಳಿಂದ ಸಾನಪಾಡಾದ ಪತ್ರಿಕಾ ಕಚೇರಿಗೆ ಹೀಗೇ ಹೋಗುತ್ತಿದ್ದೇನೆ. ಡೊಂಬಿವಲಿಯವರು ಹೆಣ್ಣು ನೋಡಲು ಹೋಗುವಾಗಲೂ ಮೊದಲು ಹಿಂದಕ್ಕೆ ಹೋಗುತ್ತಾರೆ ಎಂದು ನಮ್ಮ ರೈಲು ಡಬ್ಬಿಯಲ್ಲಿ ತಮಾಷೆ ಮಾಡುತ್ತಾರೆ.

ಶಾಂತಮ್ಮ ನಮ್ಮ ಗಲ್ಲಿಯವರು. ಮೂಲ ರಾಯಚೂರು ಜಿಲ್ಲೆ. ಸ್ಟೇಷನ್ ಬಳಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಾರೆ. ಅವರ ಗಂಡ ಯಂಕಪ್ಪ ರೈಲು ಹಳಿಯ ಗ್ಯಾಂಗ್‌ಮನ್. ಹದಿನೆಂಟರ ರೇಣುಕಾ ಹುಟ್ಟಿದ್ದು ಕಲ್ಯಾಣದಲ್ಲಿ. ತಾಯಿಯ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ ಬರುತ್ತದೆ. ನವಿ ಮುಂಬೈಯ ಆ ಭಾಗ ಇಬ್ಬರಿಗೂ ಹೊಸದು. ಸಾನಪಾಡಾದ ತನಕ ನನ್ನ ಜೊತೆ ಬನ್ನಿ ಎಂದು ಹಿಂದಿನ ದಿನ ಹೇಳಿದವನು ನಾನೇ.

ಏಳೂ ಮುಕ್ಕಾಲಿಗೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕರು. ಸಣ್ಣ ಮಳೆ ಇತ್ತು. ರೇಣುಕಾ ಪ್ಲಾಸ್ಟಿಕ್ ಫೈಲನ್ನು ದುಪಟ್ಟಾದೊಳಗೆ ಅವಚಿಕೊಂಡಿದ್ದಳು. ಛತ್ರಿ ಬೆಳಿಗ್ಗೆ ಎಷ್ಟು ಹುಡುಕಿದರೂ ಸಿಗಲಿಲ್ಲ ಎಂದು ತಾಯಿ ಹೇಳಿದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು.

"ಎಂಟೂವರೆ ಒಳಗ ಠಾಣೆ ದಾಟ್ರಿ ಅಂತ ನಮ್ಮನಿಯವ್ರು ಹೇಳ್ಯಾರ್ರಿ ಅಣ್ಣಾರ."

ಕಾರಣ ಕೇಳಲಿಲ್ಲ. ಮಳೆಗಾಲದಲ್ಲಿ ಎಲ್ಲ ಮನೆಗಳಲ್ಲೂ ಹೇಳುವ ಎಚ್ಚರಿಕೆಯ ಮಾತು ಅದು ಎಂದುಕೊಂಡೆ. ಕಲ್ಯಾಣಕ್ಕೆ ಹೋಗಿ ಬಂದರೆ ಇಪ್ಪತ್ತು ನಿಮಿಷ ಹೆಚ್ಚು, ಅಷ್ಟೇ. ಹುಡುಗಿ ಫೈಲು ಹಿಡಿದು ಆ ನೂಕಾಟದಲ್ಲಿ ನಿಲ್ಲುವುದು ಬೇಡ, ಕುಳಿತು ಹೋಗೋಣ ಎಂದೆ. ಶಾಂತಮ್ಮ ಮಗಳ ಫೈಲಿನ ಕಡೆ ನೋಡಿ, ತಿಳಿದವರು ನೀವು ಎಂದರು. ಮುಷ್ಕರದ ನೋಟಿಸು ಎರಡು ದಿನ ಹಿಂದೆ ನನ್ನ ಮೇಜಿಗೂ ಬಂದಿತ್ತು. ಇಂಥ ನೋಟಿಸುಗಳು ಆಗಾಗ ಬರುತ್ತವೆ, ಹಿಂದಿನ ಸಂಜೆ ವಾಪಸಾಗುತ್ತವೆ. ಒಳಪುಟದಲ್ಲಿ ನಾಲ್ಕು ಸಾಲು ಹಾಕಿ ಮರೆತಿದ್ದೆವು.

ಮೂವರಿಗೂ ಒಟ್ಟಿಗೆ ಜಾಗ ಬೇಕೆಂದು ಎರಡು ರೈಲು ಬಿಟ್ಟ ಮೇಲೆ ಕಲ್ಯಾಣದಲ್ಲಿ ಸೀಟು ಸಿಕ್ಕಿತು. ರೇಣುಕಾಳಿಗೆ ಕಿಟಕಿ, ಪಕ್ಕದಲ್ಲಿ ಶಾಂತಮ್ಮ, ಆಚೆಗೆ ನಾನು. ಎದುರಿಗೆ ನನ್ನ ಹಳೆಯ ಸಹಪ್ರಯಾಣಿಕ ಸದಾನಂದ ರಾಯರು ಬಂದು ಕುಳಿತರು. ಉಡುಪಿ ಕಡೆಯವರು, ವಾಶಿಯಲ್ಲಿ ಅವರದೊಂದು ಸಣ್ಣ ಸಸ್ಯಾಹಾರಿ ಹೋಟೆಲು, ಕಲ್ಯಾಣದಲ್ಲಿ ಅವರ ತಮ್ಮನದೊಂದು. ಎಂಟು ನಲವತ್ತಾದರೂ ರೈಲು ಕದಲಲಿಲ್ಲ. ಫ್ಯಾನುಗಳು ತಿರುಗುತ್ತಿದ್ದವು. ಸಮಯ ತೋರಿಸುವ ಫಲಕದಲ್ಲಿ ಅಂಕಿಗಳು ಆರಿದವು. ಹತ್ತು ನಿಮಿಷದ ಮೇಲೆ ಮೈಕಿನಲ್ಲಿ ಮುಷ್ಕರದ ಸುದ್ದಿ ಮರಾಠಿಯಲ್ಲೂ ಹಿಂದಿಯಲ್ಲೂ ಬಂತು. ರೈಲು ಯಾವಾಗ ಹೊರಡುತ್ತದೆ ಎಂಬುದು ಎರಡರಲ್ಲೂ ಬರಲಿಲ್ಲ.

ಶಾಂತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ನಾನು ಅವರ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡಿದರು.

ಸುದ್ದಿ ಬಂದ ಮೇಲೂ ಡಬ್ಬಿಯಿಂದ ಯಾರೂ ಇಳಿಯಲಿಲ್ಲ. ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು. ಕಲ್ಯಾಣಕ್ಕೆ ಹಿಂದೆ ಬಂದು ಹಿಡಿದ ಸೀಟನ್ನು ಬಿಟ್ಟೇಳುವುದು ಇಲ್ಲಿನವರಿಂದ ಆಗುವುದಿಲ್ಲ. ಎದ್ದ ಮರುಕ್ಷಣ ರೈಲು ಹೊರಟರೆ ಏನು ಗತಿ? ಹೀಗೆ ಪ್ರತಿಯೊಬ್ಬರೂ ಪಕ್ಕದವರು ಏಳುವುದನ್ನು ಕಾಯುತ್ತಾ ನಲವತ್ತು ನಿಮಿಷ ಕುಳಿತೆವು. ಆ ನಲವತ್ತು ನಿಮಿಷ ಹೊರಗೆ ಬಸ್ಸುಗಳು ಖಾಲಿಯಾಗಿ ಸಿಗುತ್ತಿದ್ದವೆಂದು ಆಮೇಲೆ ತಿಳಿಯಿತು.

ಕುಳಿತಲ್ಲೇ ಮಾತು ಶುರುವಾಯಿತು. ರಾಯರೇ ಮೊದಲಿಗರು.

"ಸಂಬಳ ಉಂಟು, ಕ್ವಾರ್ಟರ್ಸ್ ಉಂಟು, ಊರಿಗೆ ಹೋಗ್ಲಿಕ್ಕೆ ಪಾಸ್ ಉಂಟು. ಇನ್ನೆಂತ ಬೇಕು ಮಾರಾಯ್ರೆ ಇವರಿಗೆ? ನಮ್ಮ ಹೋಟ್ಲಿನ ಹುಡುಗರು ನಾಳೆ ದೋಸೆಕಲ್ಲು ಬಿಟ್ಟು ರಸ್ತೆಯಲ್ಲಿ ಕೂತ್ರೆ ಯಾರಾದ್ರೂ ಕೇಳ್ತಾರಾ?"

ಕೇಳುತ್ತಾರೆ, ದೋಸೆ ಎಲ್ಲಿ ಅಂತ ಕೇಳುತ್ತಾರೆ ಎಂದು ಹಿಂದಿನಿಂದ ಯಾರೋ ಅಂದರು. ಸುತ್ತಲಿನವರು ನಕ್ಕರು. ಮುಷ್ಕರದ ಪರವಾಗಿ ಗಟ್ಟಿಯಾಗಿ ಮಾತಾಡಿದವರು ಒಬ್ಬ ನಿವೃತ್ತ ಗಿರಣಿ ಕೆಲಸಗಾರರು. ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂಬುದು ಯಾರೂ ಕೈಯೆತ್ತಿ ಕೊಟ್ಟಿದ್ದಲ್ಲ, ಹೀಗೆ ಕುಳಿತೇ ಪಡೆದದ್ದು ಎಂದು ಮರಾಠಿಯಲ್ಲಿ ಹೇಳಿದರು. ಬಾಗಿಲ ಬಳಿ ನಿಂತಿದ್ದ ವಿಜಯಪುರದ ಹಮಾಲಿಯೊಬ್ಬನಿಗೆ ಅದು ಹಿಡಿಸಲಿಲ್ಲ. ತುರ್ಭೆಯ ಮಾರುಕಟ್ಟೆಯಲ್ಲಿ ಮೂಟೆ ಹೊರುವವನು.

"ಅವ್ರು ಕುಂತ್ರೂ ಪಗಾರ ಬರ್ತೈತಿ. ನಾವು ಇಲ್ಲಿ ನಿಂತ್ರ ಇವತ್ತಿನ ಹಾಜರಿ ಹೋತು. ಅವರ ಸ್ಟ್ರೈಕಿಗೆ ನಾನ್ಯಾಕ ಉಪವಾಸ ಇರ್ಲಿ, ಹೇಳ್ರಿ ನೋಡೂಣು."

ಇಷ್ಟೂ ಹೊತ್ತು ಶಾಂತಮ್ಮ ಕಿಟಕಿಯ ಕಡೆಯಿಂದ ಮುಖ ತಿರುಗಿಸಿರಲಿಲ್ಲ. ರೇಣುಕಾ ಅಪ್ಪನಿಗೆ ಫೋನು ಮಾಡಲೇ ಎಂದು ಪಿಸುಗುಟ್ಟಿದಳು. ತಾಯಿ ಬೇಡವೆಂದು ತಲೆಯಾಡಿಸಿದರು.

ಒಂಬತ್ತೂವರೆಗೆ ಫ್ಯಾನುಗಳು ನಿಂತವು. ಆಗ ಎಲ್ಲರೂ ಒಟ್ಟಿಗೆ ಎದ್ದರು. ಮೇಲ್ಸೇತುವೆ ದಾಟಿ ಹೊರಗೆ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಬಸ್ಸಿನ ಸಾಲು ನಿಲ್ದಾಣದ ಹೊರಗೆ ಹೋಗಿ ತಿರುಗಿ ಒಳಗೇ ಬಂದಿತ್ತು. ಶಿಳ್‌ಫಾಟಾದ ತನಕ, ಅಂದರೆ ನವಿ ಮುಂಬೈಯ ದಾರಿ ಕವಲೊಡೆಯುವ ಜಾಗದ ತನಕ, ರಿಕ್ಷಾದವರು ತಲೆಗೆ ಇನ್ನೂರು ಕೇಳುತ್ತಿದ್ದರು. ಕೊಡುತ್ತೇವೆಂದರೂ ರಿಕ್ಷಾ ಉಳಿದಿರಲಿಲ್ಲ.

ದಾರಿ ತೋರಿಸಿದ್ದು ರಾಯರು. ಅವರ ತಮ್ಮನ ಹೋಟೆಲಿಗೆ ತರಕಾರಿ ತರುವ ಟೆಂಪೊ ನಸುಕಿನಲ್ಲಿ ತುರ್ಭೆಯಿಂದ ಬಂದು, ಹತ್ತು ಗಂಟೆಗೆ ಖಾಲಿ ವಾಪಸು ಹೋಗುತ್ತದೆ. ಅವರು ಡ್ರೈವರನಿಗೆ ಫೋನು ಮಾಡಿ ನಿಲ್ಲಿಸಿದರು. "ಬನ್ನಿ, ಆ ಹೆಣ್ಣುಮಗುವಿನ ಕಾಲೇಜು ಒಂದು ಗಂಟೆಗಲ್ವಾ? ಕೊತ್ತಂಬ್ರಿ ವಾಸನೆ ಬರ್ತದೆ, ಅಷ್ಟೇ" ಎಂದರು. ಹಿಂದೆ ತಾಡಪಾಲಿನ ಕೆಳಗೆ ಪ್ಲಾಸ್ಟಿಕ್ ಕ್ರೇಟುಗಳನ್ನು ಬೋರಲು ಹಾಕಿ ನಾಲ್ವರೂ ಕುಳಿತೆವು. ಹೂಕೋಸಿನ ಎಲೆಗಳು ಕಾಲಿಗೆ ಅಂಟುತ್ತಿದ್ದವು. ಆಗ ಗಂಟೆ ಹತ್ತೂ ಹತ್ತು. ಖಾರಘರಕ್ಕೆ ರಸ್ತೆಯಲ್ಲಿ ಮೂವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ.

ಕಲ್ಯಾಣ ಬಿಟ್ಟ ಕೂಡಲೇ ಪತ್ರಿ ಪೂಲ್ ಸಿಗುತ್ತದೆ. ಹಳಿಗಳ ಮೇಲೆ ಹಾಯುವ ಸೇತುವೆ ಅದು. ಟೆಂಪೊ ಅದರ ನಡುಮಧ್ಯಕ್ಕೆ ಬಂದು ಟ್ರಾಫಿಕ್ಕಿನಲ್ಲಿ ನಿಂತಿತು. ಕೆಳಗೆ ಐದಾರು ರೈಲುಗಳು ಒಂದರ ಹಿಂದೊಂದು ನಿಂತಿದ್ದವು. ಒಂದು ರೈಲಿನಿಂದ ಜನ ಇಳಿದು ಜಲ್ಲಿಯ ಮೇಲೆ ಸಾಲಾಗಿ ನಡೆಯುತ್ತಿದ್ದರು. ಸ್ವಲ್ಪ ಆಚೆಗೆ ಹಳಿಯ ಪಕ್ಕ ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಮೂವತ್ತು ನಲವತ್ತು ಮಂದಿ ಕುಳಿತಿದ್ದರು. ಘೋಷಣೆ ಇರಲಿಲ್ಲ. ಕೆಲವರ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಕೆಲವರಿಗೆ ಕರಿ ಛತ್ರಿ. ನಡುವೆ ಒಂದು ಛತ್ರಿ ಮಾತ್ರ ಗುಲಾಬಿ ಬಣ್ಣದ್ದು, ಅಂಚಿಗೆ ಬಿಳಿ ಜಾಲರಿ.

ರೇಣುಕಾ ಟೆಂಪೊದ ಸರಳು ಹಿಡಿದು ಎದ್ದು ನಿಂತಳು. "ಮಾಝೀ ಛತ್ರೀ," ಎಂದಳು. ನನ್ನ ಛತ್ರಿ. ಆಮೇಲೆ ತಾಯಿಗೆ ಮೆಲ್ಲಗೆ: "ಆಯೀ, ಪಪ್ಪಾ."

ರಾಯರು ಛತ್ರಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು, ಆಮೇಲೆ ಶಾಂತಮ್ಮನನ್ನು. ಟೆಂಪೊ ಎರಡು ಮಾರು ಮುಂದೆ ಹೋಗಿ ಮತ್ತೆ ನಿಂತಿತು. ಮಳೆ ತಾಡಪಾಲಿನ ಮೇಲೆ ಸದ್ದು ಮಾಡುತ್ತಿತ್ತು.

"ನಿಮ್ಮ ಯಜಮಾನರು ಗ್ಯಾಂಗಿನಲ್ಲಾ?" ಎಂದು ಕೇಳಿದರು.

"ಹೌದ್ರಿ. ಇಪ್ಪತ್ತೊಂದು ವರ್ಷ ಆತು."

"ಆಗ್ಲೇ ಒಂದು ಮಾತು ಹೇಳಬಹುದಿತ್ತಲ್ಲಮ್ಮ. ನಾನು ಬಾಯಿಗೆ ಬಂದದ್ದೆಲ್ಲ ಆಡಿದೆ."

"ಹೇಳಿದ್ರ ನೀವು ಮನಸ್ನ್ಯಾಗ ಆಡ್ತಿದ್ರಿ. ಬಾಯ್ಲೆ ಆಡಿದ್ದ ಚಲೋ ಆತು, ನಂಗೂ ಗೊತ್ತಾತು."

ಶಾಂತಮ್ಮ ಅದೇ ಧ್ವನಿಯಲ್ಲಿ ಮುಂದುವರಿಸಿದರು. ಅಷ್ಟು ಉದ್ದವಾಗಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ರಾತ್ರಿ ಒಬ್ಬರನ್ನ ಕಳಸ್ತಾರ್ರಿ. ಒಂದ್ ಕೈಯಾಗ ಬ್ಯಾಟ್ರಿ, ಇನ್ನೊಂದ್ ಕೈಯಾಗ ಸುತ್ತಿಗಿ, ಬೆನ್ನ ಮ್ಯಾಲೆ ಚೀಲ. ಬಗ್ಗಿ ಹಳಿ ನೋಡ್ಬೇಕು. ಮಳಿ ಸಪ್ಪಳದಾಗ ಹಿಂದಿಂದ ಗಾಡಿ ಬಂದ್ರ ಕೇಳೂದಿಲ್ಲ. ಇನ್ನೊಬ್ಬ ಇದ್ದ ಅಂದ್ರ ಸೀಟಿ ಊದ್ತಾನ. ಅವ್ರು ಕೇಳಾಕತ್ತಿದ್ದು ಅಷ್ಟ. ಪಗಾರ ಅಲ್ಲ."

ರಾಯರು, ಬೇಡಿಕೆ ನ್ಯಾಯವೇ ಇರಬಹುದು, ಆದರೆ ಲಕ್ಷಾಂತರ ಜನರನ್ನು ಬೆಳಿಗ್ಗೆ ಬೆಳಿಗ್ಗೆ ಹೀಗೆ ನಡುದಾರಿಯಲ್ಲಿ ಬಿಡುವುದು ಸರಿಯಲ್ಲ ಎಂದರು. ಮುಂಚೆ ಹೇಳಬೇಕಿತ್ತು ಎಂದರು. ಹೇಳಿದ್ದರು, ನೋಟಿಸು ಕೊಟ್ಟಿದ್ದರು ಎಂದು ಶಾಂತಮ್ಮ ಉತ್ತರಿಸಿದರು. ರಾಯರು ನನ್ನ ಕಡೆ ತಿರುಗಿದರು. ನೋಟಿಸು ಬಂದಿತ್ತೆಂದು ನಾನು ಒಪ್ಪಿಕೊಂಡೆ. ನಾಲ್ಕು ಸಾಲು ಹಾಕಿದ್ದೆವು ಎಂದೂ ಹೇಳಿದೆ.

"ಎಂಟೂವರೆ ಒಳಗೆ ಠಾಣೆ ದಾಟಿ ಅಂದದ್ದು ಅದಕ್ಕೇ?" ಎಂದು ಶಾಂತಮ್ಮನನ್ನು ಕೇಳಿದೆ.

"ಹೌದ್ರಿ. ಹೊರಗ ಹೇಳಬ್ಯಾಡ ಅಂದಿದ್ರು. ನಮಗೂ ಎಷ್ಟೊತ್ತಿಗೆ ಕುಂದ್ರತಾರ ಅಂತ ಖಾತ್ರಿ ಇರ್ಲಿಲ್ಲ. ನೀವು ಸೀಟು ಸಿಗ್ತೈತಿ ಅಂದ್ರಿ. ಮಗಳು ಒಂದಿನರ ಕುಂತು ಹೋಗ್ಲಿ ಅನಿಸ್ತು."

ರೇಣುಕಾ ಆತನಕ ಕೆಳಗೇ ನೋಡುತ್ತಿದ್ದಳು. "ಆಜ್‌ಚ್ ಕಾ?" ಎಂದಳು. ಇವತ್ತೇ ಯಾಕೆ? ಯಾರನ್ನು ಕೇಳಿದಳೋ ಗೊತ್ತಾಗಲಿಲ್ಲ. ಟೆಂಪೊ ಸೇತುವೆ ಇಳಿಯಿತು.

ಕಲ್ಯಾಣ–ಶಿಳ್ ರಸ್ತೆ ಡೊಂಬಿವಲಿಯ ಅಂಚಿನಲ್ಲೇ ಹಾದುಹೋಗುತ್ತದೆ. ಹೊರಟ ಊರಿನ ಪಕ್ಕದಲ್ಲಿ ನಾವು ಮತ್ತೆ ಹಾಯುವಾಗ ಹತ್ತೂ ಐವತ್ತೈದು. ಆ ದಿನ ರಸ್ತೆಯಲ್ಲಿ ಕಾರಿಗಿಂತ ಬೈಕು ಹೆಚ್ಚು, ಬೈಕಿಗಿಂತ ನಡೆಯುವವರು ಹೆಚ್ಚು. ಹೆಗಲಿಗೆ ಆಫೀಸಿನ ಬ್ಯಾಗು, ಕೈಯಲ್ಲಿ ಚಪ್ಪಲಿ. ಕಾಟಾಯಿ ನಾಕಾದ ಕೂಡುರಸ್ತೆಯಲ್ಲಿ ಅರ್ಧ ಗಂಟೆ ನಿಂತೆವು. ವಡಾಪಾವಿನ ಗಾಡಿಯವನು ನಿಂತ ವಾಹನಗಳ ನಡುವೆ ಓಡಾಡಿ ಮಾರುತ್ತಿದ್ದ. ಇಪ್ಪತ್ತು ರೂಪಾಯಿಗೆ ಒಂದು, ಎಂದಿನ ಬೆಲೆಯೇ. ಮುಷ್ಕರಕ್ಕೆ ನೀನು ಪರವೋ ವಿರೋಧವೋ ಎಂದು ರಾಯರು ಹಿಂದಿಯಲ್ಲಿ ಕೇಳಿದರು. ನಾಲ್ಕು ದಿನ ನಡೆಯಲಿ ಸೇಠ್ ಎಂದು ಅವನು ಮುಂದೆ ಹೋದ.

ಶಿಳ್‌ಫಾಟಾ ತಲುಪಿದಾಗ ಹನ್ನೊಂದು ಐವತ್ತು. ಅಲ್ಲಿ ದಾರಿ ಒಡೆಯುತ್ತದೆ. ಬಲಕ್ಕೆ ಮಹಾಪೆಯ ಮೇಲಿಂದ ತುರ್ಭೆ, ಸಾನಪಾಡಾ, ವಾಶಿ. ನೇರ ತಳೋಜಾದ ಕಡೆಯಿಂದ ಖಾರಘರ. ಟೆಂಪೊ ಮಧ್ಯಾಹ್ನದ ಸರಕಿಗೆ ತುರ್ಭೆಗೆ ಹೋಗಲೇಬೇಕು. ತಳೋಜಾದ ಮೇಲಿಂದ ಸುತ್ತಿ ಹೋಗಲಾದೀತೇ ಎಂದು ರಾಯರು ಡ್ರೈವರನನ್ನು ಎರಡು ಸಲ ಕೇಳಿದರು. ಅವನು ಗಡಿಯಾರ ತೋರಿಸಿದ. ರಾಯರ ಹೋಟೆಲಿನಲ್ಲೂ ಊಟದ ಹೊತ್ತು ಆಗುತ್ತಿತ್ತು, ಅಡಿಗೆಭಟ್ಟ ಕಲ್ಯಾಣದಿಂದಾಚೆಯ ಬದಲಾಪುರದಲ್ಲಿ ಸಿಕ್ಕಿಬಿದ್ದಿದ್ದ. ಶಾಂತಮ್ಮ, ರೇಣುಕಾ ಇಳಿದರು.

ನನ್ನ ಕಚೇರಿ ಟೆಂಪೊ ಹೋಗುವ ದಾರಿಯಲ್ಲಿತ್ತು. ಆದರೆ ಕಲ್ಯಾಣಕ್ಕೆ ಹಿಂದೆ ಹೋಗೋಣ ಎಂದವನು ನಾನು. ನಾನೂ ಇಳಿದೆ.

ರಾಯರು ಕ್ರೇಟಿನ ಮೇಲಿಂದಲೇ ಶಾಂತಮ್ಮನಿಗೆ ಹೇಳಿದರು: "ನಾನು ಡಬ್ಬಿಯಲ್ಲಿ ಹೇಳಿದ್ದು ಹೇಳಿದ್ದೇ. ನಿಮ್ಮ ಯಜಮಾನರನ್ನು ಕುರಿತು ಹೇಳಿದ್ದಲ್ಲ."

"ಅವ್ರೂ ಅದ್ರಾಗ ಬಂದ್ರಲ್ರಿ. ಇರ್ಲಿ ಬಿಡ್ರಿ, ಗಾಡ್ಯಾಗ ಕುಂದ್ರಿಸ್ಕೊಂಡ್ ಬಂದ್ರಿ. ಆ ಉಪಕಾರ ಮರ್ಯಾಂಗಿಲ್ಲ."

ತಳೋಜಾದ ಕಡೆಗೆ ಹೋಗುವ ಬಸ್ಸು ಇಪ್ಪತ್ತು ನಿಮಿಷಕ್ಕೆ ಬಂತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಆದರೂ ಹತ್ತಿಸಿಕೊಂಡರು. ಅಲ್ಲೂ ಅದೇ ಮಾತು ನಡೆದಿತ್ತು. ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದ ನರ್ಸೊಬ್ಬರು, ತಾವೂ ಹಿಂದೆ ಮುಷ್ಕರ ಮಾಡಿದ್ದೆವು, ಆಗ ರೋಗಿಗಳ ಮನೆಯವರು ಇದೇ ರೀತಿ ಬೈದಿದ್ದರು ಎಂದರು. ಹಾಗೆಂದು ಇವತ್ತಿನದನ್ನು ಒಪ್ಪುತ್ತೀರಾ ಎಂದು ಪಕ್ಕದವರು ಕೇಳಿದರೆ, ಒಪ್ಪುವುದಿಲ್ಲ ಎಂದರು. ಎರಡೂ ಮಾತನ್ನು ಅವರು ಒಂದೇ ಸಮಾಧಾನದಲ್ಲಿ ಹೇಳಿದರು. ಕುಳಿತಿದ್ದ ಹೆಂಗಸೊಬ್ಬರು ರೇಣುಕಾಳ ಫೈಲನ್ನು ಒದ್ದೆಯಾಗದಂತೆ ತಮ್ಮ ಮಡಿಲಲ್ಲಿಟ್ಟುಕೊಂಡರು. ಸೀಟಿದ್ದವರು ನಿಂತವರ ಚೀಲ ಹಿಡಿಯುವುದು ಲೋಕಲ್ ರೈಲಿನ ರೂಢಿ. ಆ ದಿನ ಅದು ಬಸ್ಸಿಗೂ ಬಂದಿತ್ತು.

ತಳೋಜಾದಲ್ಲಿ ಇಳಿದಾಗ ಹನ್ನೆರಡೂ ನಲವತ್ತು. ಕಾರ್ಖಾನೆಗಳ ಹುಳಿವಾಸನೆ ಮಳೆಯಲ್ಲಿ ಇನ್ನೂ ಗಾಢವಾಗಿತ್ತು. ಅಲ್ಲಿಂದ ಪೆಂಢರ್ ಮೆಟ್ರೊ ನಿಲ್ದಾಣಕ್ಕೆ ಓಡುನಡಿಗೆಯಲ್ಲಿ ಹತ್ತು ನಿಮಿಷ. ಮೆಟ್ರೊ ಬೇರೆಯವರದು, ಮುಷ್ಕರ ಅದಕ್ಕೆ ಮುಟ್ಟಿರಲಿಲ್ಲ. ಟಿಕೆಟ್ಟಿನ ಕಿಟಕಿಯಲ್ಲಿ ಸಾಲಿಲ್ಲ. ಡಬ್ಬಿ ತಣ್ಣಗಿತ್ತು, ಎಲ್ಲಿ ಬೇಕಾದರೂ ಕುಳಿತುಕೊಳ್ಳಬಹುದಿತ್ತು. ರೇಣುಕಾ ಕುಳಿತುಕೊಳ್ಳದೆ ಬಾಗಿಲ ಬಳಿಯೇ ನಿಂತಳು. ಫೋನಿನಲ್ಲಿ ಒಂದು ಗಂಟೆ ಆಗುವುದನ್ನು ಮೂವರೂ ನೋಡಿದೆವು.

"ಪಪ್ಪಾ ಸಹೀ ಹೈ ಅಂಕಲ್," ಎಂದಳು ಅವಳು, ಕಿಟಕಿಯಾಚೆಯ ಗುಡ್ಡ ನೋಡುತ್ತಾ. "ಲೇಕಿನ್ ಕಲ್ ಭೀ ತೋ ಕರ್ ಸಕ್ತೇ ಥೇ."

ಅಪ್ಪ ಮಾಡಿದ್ದು ಸರಿ, ಆದರೆ ನಾಳೆಯೂ ಮಾಡಬಹುದಿತ್ತು. ನಾಳೆಯಾದರೆ ಈ ಊರಿನಲ್ಲಿ ಇನ್ನೊಬ್ಬರ ಮಗಳಿಗೆ ಒಂದು ಗಂಟೆಯ ಗಡುವು ಇರುತ್ತಿತ್ತು. ಅವಳಿಗೆ ಇದನ್ನು ಹೇಳುವ ಹೊತ್ತು ಅದಾಗಿರಲಿಲ್ಲ. ಶಾಂತಮ್ಮ ಮಗಳ ಒದ್ದೆ ಕೂದಲನ್ನು ಸೆರಗಿನಿಂದ ಒರೆಸಿದರು.

ಕಾಲೇಜು ತಲುಪಿದ್ದು ಒಂದು ಇಪ್ಪತ್ತೆರಡಕ್ಕೆ. ಎರಡನೆಯ ಮಹಡಿಯ ಓಣಿಯಲ್ಲಿ ನಲವತ್ತರಷ್ಟು ಮಂದಿ ಗೋಡೆಗೆ ಒರಗಿ ಕುಳಿತಿದ್ದರು. ಕೌಂಟರಿನ ಕಿಟಕಿ ಮುಚ್ಚಿತ್ತು. ಸಮಯ ಮುಗಿಯಿತೇ ಎಂದು ಶಾಂತಮ್ಮ ನನ್ನ ತೋಳು ಹಿಡಿದು ಕೇಳಿದರು. ನಾನು ಜವಾನನ ಬಳಿ ಹೋದೆ. ಕೌಂಟರು ಮುಚ್ಚಿಲ್ಲ, ಇನ್ನೂ ತೆರೆದೇ ಇಲ್ಲ ಎಂದು ಅವನು ಹೇಳಿದ. ದಾಖಲೆ ನೋಡಿ ಕಂಪ್ಯೂಟರಿಗೆ ಏರಿಸುವ ಮ್ಯಾಡಮ್ ಬದಲಾಪುರದವರು. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟಿದ್ದಾರೆ, ಎಲ್ಲಿದ್ದಾರೋ ತಿಳಿಯದು. ಪಾಸ್‌ವರ್ಡ್ ಅವರೊಬ್ಬರ ಬಳಿ ಇದೆ. ಒಂದು ಗಂಟೆಯ ಗಡುವು ಇವತ್ತಿಗೆ ಲೆಕ್ಕವೋ ಅಲ್ಲವೋ ಎಂದು ಪ್ರಿನ್ಸಿಪಾಲರು ಮೇಲಿನವರನ್ನು ಕೇಳಿದ್ದಾರೆ; ಉತ್ತರ ಬಂದಿಲ್ಲ.

ಓಣಿಯಲ್ಲಿ ನಾವೂ ಕುಳಿತೆವು. ಶಾಂತಮ್ಮ ಚೀಲದಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತೆಗೆದರು. ರೇಣುಕಾ ತಿನ್ನಲಿಲ್ಲ. ಎರಡು ಗಂಟೆಗೆ ಪ್ರಿನ್ಸಿಪಾಲರು ಹೊರಗೆ ಬಂದು, ಕೌಂಟರು ತೆರೆಯುವಾಗ ಹಾಜರಿದ್ದವರನ್ನು ತೆಗೆದುಕೊಳ್ಳಲಾಗುವುದು, ಆಮೇಲೆ ಬಂದವರ ವಿಷಯ ಹೇಳಲಾಗದು ಎಂದರು.

ಮ್ಯಾಡಮ್ ಬಂದದ್ದು ಎರಡೂ ನಲವತ್ತಕ್ಕೆ. ಐವತ್ತು ದಾಟಿದವರು, ಸೀರೆಯ ಅಂಚು ಮೊಣಕಾಲಿನ ತನಕ ಕೆಸರು. ಒಂದು ಚಪ್ಪಲಿಯ ಪಟ್ಟಿ ಕಿತ್ತು ದಾರ ಕಟ್ಟಿದ್ದರು. ಬದಲಾಪುರದಿಂದ ಲಾರಿಯೊಂದರ ಹಿಂದೆ ನಿಂತು, ಆಮೇಲೆ ಎರಡು ಬಸ್ಸು ಬದಲಾಯಿಸಿ ಬಂದೆನೆಂದು ಜವಾನನಿಗೆ ಹೇಳುತ್ತಾ ಒಳಗೆ ಹೋದರು. ಕಂಪ್ಯೂಟರು ತೆರೆಯುವ ತನಕ ಮರಾಠಿಯಲ್ಲಿ ರೈಲು ನೌಕರರಿಗೆ ಬೈಗುಳ ನಡೆದಿತ್ತು. ಸಾಲಿನಲ್ಲಿದ್ದ ಕೆಲವರು ಹೂಗುಟ್ಟಿದರು.

ರೇಣುಕಾಳ ಸರದಿ ಬಂದಾಗ ಮೂರೂ ಹದಿನೈದು. ಮ್ಯಾಡಮ್ ಅಂಕಪಟ್ಟಿ ನೋಡಿದರು, ಜನ್ಮ ದಾಖಲೆ ನೋಡಿದರು, ಅರ್ಜಿಯ ಹಾಳೆ ತಿರುಗಿಸಿದರು. ಅಲ್ಲಿ ಒಂದು ಕಡೆ ಬೆರಳು ನಿಂತಿತು. ತಂದೆಯ ಉದ್ಯೋಗ ಎಂಬ ಕಡೆ ರೇಣುಕಾ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದಳು: ರೈಲ್ವೆ ಟ್ರ್ಯಾಕ್‌ಮನ್, ಕಲ್ಯಾಣ.

ಮ್ಯಾಡಮ್ ಕನ್ನಡಕದ ಮೇಲಿಂದ ಹುಡುಗಿಯನ್ನು ನೋಡಿದರು. ಹಿಂದೆ ನಿಂತ ಶಾಂತಮ್ಮನನ್ನು ನೋಡಿದರು. ನಿನ್ನ ತಂದೆ ಇವತ್ತು ಎಲ್ಲಿದ್ದಾರೆ ಎಂದು ಅವರು ಕೇಳಿದರು. ರೇಣುಕಾ ತಾಯಿಯ ಕಡೆ ತಿರುಗಲಿಲ್ಲ.

"ರುಳಾಂವರ್ ಬಸಲೇತ್," ಎಂದಳು. ಹಳಿಯ ಮೇಲೆ ಕುಳಿತಿದ್ದಾರೆ.

ಮ್ಯಾಡಮ್ ಮೊಹರು ಎತ್ತಿ ಮಸಿಗೆ ಒತ್ತಿ, ಅರ್ಜಿಯ ಮೇಲೆ ಎರಡು ಕಡೆ ಹಾಕಿದರು. ಕಂಪ್ಯೂಟರಿನಲ್ಲಿ ಗುಂಡಿ ಒತ್ತಿ, ರಸೀದಿ ಮುದ್ರಿಸಿ, ಹುಡುಗಿಯ ಕೈಗೆ ಕೊಡುವ ಮೊದಲು ಹಿಡಿದುಕೊಂಡರು.

"ಫೋನ್ ಕರ್ ತ್ಯಾಂನಾ. ವಿಚಾರ್, ಸಂಧ್ಯಾಕಾಳೀ ಬದಲಾಪುರಲಾ ಗಾಡೀ ಆಹೇ ಕಾ."

ಫೋನು ಮಾಡು ಅವರಿಗೆ, ಸಂಜೆ ಬದಲಾಪುರಕ್ಕೆ ಗಾಡಿ ಇದೆಯೇ ಕೇಳು. ಸಾಲಿನಲ್ಲಿ ಯಾರೋ ನಕ್ಕರು. ಬೆಳಗಿನಿಂದ ಬೇಡವೆಂದಿದ್ದ ಶಾಂತಮ್ಮ ಈಗ ತಾವೇ ನಂಬರು ಒತ್ತಿ ಫೋನನ್ನು ಮಗಳಿಗೆ ಕೊಟ್ಟರು. ಯಂಕಪ್ಪ ಎತ್ತಿಕೊಂಡ. ಸ್ಪೀಕರಿನಲ್ಲಿ ಮಳೆಯ ಸದ್ದೂ ಕೇಳುತ್ತಿತ್ತು. ಮಾತುಕತೆ ನಡೆದಿದೆ, ಆರು ಗಂಟೆಗೆ ಬಿಡಬಹುದು, ಬಿಟ್ಟರೆ ಮೊದಲು ಬದಲಾಪುರದ ಗಾಡಿಯೇ ಎಂದ. ಆಮೇಲೆ ಕೇಳಿದ:

"ಸೀಟ್ ಸಿಕ್ತೇನವ್ವಾ?"

ರೇಣುಕಾ ಬೆಳಗಿನಿಂದ ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು. "ಸಿಕ್ತು ಪಪ್ಪಾ," ಎಂದಳು. "ನನ್ನ ಛತ್ರಿ ತಗೊಂಡು ಬಾ."

ಮ್ಯಾಡಮ್ ರಸೀದಿ ಬಿಟ್ಟರು. ನಾವು ಹೊರಡುವಾಗ ಪಟ್ಟಿಯಲ್ಲಿದ್ದ ಹನ್ನೊಂದು ಮಂದಿ ಬಂದಿಲ್ಲ ಎಂದು ಜವಾನ ಹೇಳಿದ. ಅವರು ಎಲ್ಲಿ ಸಿಕ್ಕಿಬಿದ್ದರೆಂದು ನಾನು ತಿಳಿಯಲು ಯತ್ನಿಸಿದೆ, ತಿಳಿಯಲಿಲ್ಲ.

ಮುಷ್ಕರ ಸಂಜೆ ಆರೂ ಹತ್ತಕ್ಕೆ ಮುಗಿಯಿತು. ಖಾರಘರದಿಂದ ಠಾಣೆಗೆ ಏಳು ಗಂಟೆಯ ಗಾಡಿ ಸಿಕ್ಕಿತು. ಠಾಣೆಯಿಂದ ಡೊಂಬಿವಲಿಗೆ ಮೂವರೂ ಒಂದು ಕಾಲಿನ ಮೇಲೆ ನಿಂತು ಹೋದೆವು. ದಿವಾ ನಿಲ್ದಾಣ ದಾಟಿದ ಮೇಲೆ ಹಳಿಯ ಪಕ್ಕ ಕಿತ್ತಳೆ ಜಾಕೀಟಿನ ಇಬ್ಬರು ಟಾರ್ಚು ಹಿಡಿದು ನಿಂತಿದ್ದರು. ರೈಲು ಹಾಯುವ ತನಕ ಕೈಯೆತ್ತಿಕೊಂಡೇ ಇದ್ದರು. ಬಾಗಿಲಲ್ಲಿ ನೇತಾಡುತ್ತಿದ್ದ ಕೆಲವರು ಅವರಿಗೆ ಕೂಗಿ ಬೈದರು. ಒಬ್ಬ ಕೈಬೀಸಿದ.

ಒಪ್ಪಂದದ ಪ್ರಕಾರ ಕಲ್ಯಾಣದಿಂದ ಠಾಣೆಯ ಕಡೆಗೆ ರಾತ್ರಿ ತಪಾಸಣೆಗೆ ಈಗ ಇಬ್ಬರು ಹೋಗುತ್ತಾರೆ. ಕಲ್ಯಾಣದಿಂದ ಬದಲಾಪುರದ ಕಡೆಗೆ ಎರಡನೆಯವರನ್ನು ಇನ್ನೂ ನೇಮಿಸಿಲ್ಲ. ರೇಣುಕಾಳ ತರಗತಿಗಳು ಶುರುವಾಗಿವೆ. ಏಳು ಗಂಟೆಯ ರೈಲಿಗೆ ಡೊಂಬಿವಲಿಯಲ್ಲೇ ಹತ್ತುತ್ತಾಳೆ, ನಿಂತು ಹೋಗುತ್ತಾಳೆ. ಯಂಕಪ್ಪನ ರಾತ್ರಿ ಪಾಳಿ ಈ ವಾರ ಬದಲಾಪುರದ ಕಡೆಗಿದೆ.